ಡಾಟ್ ಫೈಲು, ಸಿಮ್‌ಲಿಂಕು: ಡಿಸ್ಕ್ ಬದಲಾದ ಮೇಲೆ ಹೋಮ್ ಡೈರೆಕ್ಟರಿಯ ರಿಪೇರಿ

ಕೆಲಸ ಇಷ್ಟು. ಹಳೆ ಲಿನಕ್ಸ್ ಯಂತ್ರವೊಂದರ ಹೋಮ್ ಡೈರೆಕ್ಟರಿ, ಅಂದರೆ ಬಳಕೆದಾರರ ಸ್ವಂತ ಫೈಲುಗಳೆಲ್ಲ ಇರುವ ಫೋಲ್ಡರ್, ಹೊಸ ಯಂತ್ರಕ್ಕೆ ಬಂದಿದೆ. ನಕಲು ಮಾಡಿದವರು ಬೇರೆ. ನನ್ನ ಕೈಗೆ ಸಿಗುವ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಫೈಲ್ ಮ್ಯಾನೇಜರ್ ತೆರೆದರೆ ಎಲ್ಲವೂ ಇದ್ದಂತೆ ಕಾಣುತ್ತದೆ. ಆದರೆ ಬೇರೆ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್, ಮೊದಲು ಕೀಯಿಂದಲೇ ಆಗುತ್ತಿದ್ದದ್ದು, ಈಗ ಪಾಸ್‌ವರ್ಡ್ ಕೇಳುತ್ತಿದೆ. ಎಡಿಟರ್‌ನ ಸೆಟ್ಟಿಂಗ್ ಒಂದೂ ಇಲ್ಲ. 'ಫೋಟೋ' ಅನ್ನುವ ಫೋಲ್ಡರ್ ಒತ್ತಿದರೆ ತೆರೆಯುವುದಿಲ್ಲ.

ಇಂಥ ಕಡೆ ನಾನು ಮೊದಲು ಏನನ್ನೂ ಮುಟ್ಟುವುದಿಲ್ಲ. ಬರೀ ಪಟ್ಟಿ ಮಾಡುತ್ತೇನೆ. ಏನೇನಿದೆ, ಅದು ಎಲ್ಲಿಗೆ ತೋರಿಸುತ್ತಿದೆ, ಅಲ್ಲಿ ನಿಜವಾಗಿ ಏನಾದರೂ ಇದೆಯಾ? ಈ ಮೂರೂ ಗೊತ್ತಾಗುವ ತನಕ ಆರ್‌ಎಂ (ಅಳಿಸು), ಎಂವಿ (ಜಾಗ ಬದಲಿಸು), ಸಿಪಿ (ನಕಲಿಸು) ಯಾವುದೂ ಬೇಡ. ಹಳೆ ಡಿಸ್ಕನ್ನು ರೀಡ್-ಓನ್ಲಿಯಾಗಿ /ಹಳೆ ಅನ್ನುವ ಜಾಗದಲ್ಲಿ ಮೌಂಟ್ ಮಾಡಿಕೊಂಡು, ಅಂದರೆ ಅಲ್ಲಿಂದ ತೆರೆಯುವಂತೆ ಜೋಡಿಸಿಕೊಂಡು, ಕೂತೆ.

ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ.

ಕಾಣದ ಫೈಲುಗಳು

ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಅನ್ನು ಬರೀ ಹಾಗೇ ಕೊಟ್ಟರೆ ಹಳೆಯದರಲ್ಲೂ ಹೊಸದರಲ್ಲೂ ಒಂದೇ ಪಟ್ಟಿ ಬಂತು. ಎಲ್‌ಎಸ್ ಮೈನಸ್ ದೊಡ್ಡ ಎ ಕೊಟ್ಟ ತಕ್ಷಣ ಕಥೆ ಬೇರೆಯಾಯಿತು. ಹಳೆ ಕಡೆ .ಎಸ್‌ಎಸ್‌ಎಚ್, .ಕಾನ್ಫಿಗ್, .ಲೋಕಲ್, .ಬ್ಯಾಷ್‌ಆರ್‌ಸಿ, .ಮೊಜಿಲ್ಲಾ ಎಲ್ಲ ಸಾಲಾಗಿ ನಿಂತಿವೆ. ಹೊಸ ಕಡೆ ಯೂಸರ್ ಖಾತೆ ಮಾಡಿದಾಗ ತಾನಾಗಿ ಬಂದ ಒಂದೆರಡು ಫೈಲು, ಅಷ್ಟೆ.

ಸಣ್ಣ ಎ ಮತ್ತು ದೊಡ್ಡ ಎ ನಡುವೆ ವ್ಯತ್ಯಾಸ ಚಿಕ್ಕದು, ಆದರೆ ದಿನಾ ಬೇಕಾಗುವಂಥದ್ದು. ಸಣ್ಣ ಎ ಎಲ್ಲವನ್ನೂ ತೋರಿಸುತ್ತದೆ. ಒಂದು ಚುಕ್ಕಿ ಅಂದರೆ ಈ ಡೈರೆಕ್ಟರಿ, ಎರಡು ಚುಕ್ಕಿ ಅಂದರೆ ಇದರ ಮೇಲಿನದು. ಅವೂ ಪಟ್ಟಿಯಲ್ಲಿ ಬರುತ್ತವೆ. ದೊಡ್ಡ ಎ ಆ ಎರಡನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ನನಗೆ ಯಾವಾಗಲೂ ದೊಡ್ಡ ಎ ಸಾಕು.

ಈ ಚುಕ್ಕಿಯ ನಿಯಮ ಹುಟ್ಟಿದ್ದೇ ಆ ಎರಡು ಹೆಸರುಗಳಿಂದ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದನ್ನು ಬರೆದಿದ್ದರು. ಒಂದು ಚುಕ್ಕಿ, ಎರಡು ಚುಕ್ಕಿಯ ಹೆಸರುಗಳು ಪಟ್ಟಿಯಲ್ಲಿ ಕಾಣಬಾರದು ಅಂತ ಎಲ್‌ಎಸ್‌ಗೆ ಒಂದು ಸಣ್ಣ ಪರೀಕ್ಷೆ ಸೇರಿಸಿದರು. ಪೂರ್ತಿ ಹೆಸರನ್ನು ಹೋಲಿಸುವ ಬದಲು ಮೊದಲ ಅಕ್ಷರ ಚುಕ್ಕಿಯಾ ಅಂತ ಮಾತ್ರ ನೋಡಿದರು. ಅಷ್ಟಕ್ಕೇ ಚುಕ್ಕಿಯಿಂದ ಶುರುವಾಗುವ ಎಲ್ಲ ಹೆಸರೂ ಮರೆಯಾಯಿತು. ಡಾಟ್ ಫೈಲು ಅನ್ನುವುದು ಇವನ್ನೇ. ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್ ಇಡುವುದಕ್ಕೆ ಅದನ್ನೇ ಬಳಸಿಕೊಂಡವು.

ಇದರಿಂದ ನಮ್ಮ ರಿಪೇರಿಗೆ ಬೇಕಾದ ಒಂದು ವಿಷಯ ಸಿಗುತ್ತದೆ. ಹಿಡನ್ ಅನ್ನುವುದು ಫೈಲಿನ ಗುಣವಲ್ಲ. ಕರ್ನಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ಅದು ಗೊತ್ತೇ ಇಲ್ಲ. ಎಲ್‌ಎಸ್ ತೋರಿಸುವುದಿಲ್ಲ, ಕಮಾಂಡ್ ಓದಿ ನಡೆಸುವ ಶೆಲ್‌ನಲ್ಲಿ 'ಯಾವ ಹೆಸರಾದರೂ' ಅನ್ನುವ ಸ್ಟಾರ್ (*) ಹಿಡಿಯುವುದಿಲ್ಲ, ಅಷ್ಟೆ. ಫೈಲು ಹುಡುಕುವ ಫೈಂಡ್‌ಗಂತೂ ಈ ಭೇದವೇ ಇಲ್ಲ, ಅದು ಎಲ್ಲವನ್ನೂ ಕೊಡುತ್ತದೆ.

ಹಾಗಾದರೆ ನಕಲಿನಲ್ಲಿ ಏನು ತಪ್ಪಿತ್ತು? ಒಳಗಿನ ಪ್ರಾಜೆಕ್ಟ್ ಫೋಲ್ಡರ್‌ಗಳಲ್ಲಿ .ಗಿಟ್ ಡೈರೆಕ್ಟರಿಗಳು ಸರಿಯಾಗಿ ಬಂದಿದ್ದವು. ಮೇಲಿನ ಹಂತದ ಡಾಟ್ ಫೈಲುಗಳು ಮಾತ್ರ ಇಲ್ಲ. ಈ ಗುರುತು ಕಂಡರೆ ಕಾರಣ ಬಹುತೇಕ ಒಂದೇ: ಸಿಪಿ ಮೈನಸ್ ಆರ್ ಕೊಟ್ಟು ಹಳೆ ಡೈರೆಕ್ಟರಿಯ ಹೆಸರಿನ ಕೊನೆಗೆ /* ಹಾಕಿದ್ದಾರೆ. ಸ್ಟಾರನ್ನು ಬಿಡಿಸುವುದು ಶೆಲ್. ಅದು ಚುಕ್ಕಿಯ ಹೆಸರುಗಳನ್ನು ಕೈಬಿಡುತ್ತದೆ. ಆದರೆ ಸ್ಟಾರಿಗೆ ಸಿಕ್ಕ ಫೋಲ್ಡರ್‌ಗಳ ಒಳಗೆ ಇಳಿಯುವುದು ಸಿಪಿ. ಅದು ಏನನ್ನೂ ಬಿಡುವುದಿಲ್ಲ. ಹಾಗಾಗಿ ಒಳಗಿನದು ಬಂತು, ಮೇಲಿನದು ಉಳಿಯಿತು.

ಚುಕ್ಕಿಯ ಹೆಸರುಗಳನ್ನು ಮಾತ್ರ ನೋಡಬೇಕು ಅಂದರೆ ಹೀಗೆ:

ಎಲ್‌ಎಸ್ -ಡಿ .[!.]* ..?*

ಮೊದಲನೆಯದು ಚುಕ್ಕಿ ಆದ ಮೇಲೆ ಚುಕ್ಕಿಯಲ್ಲದ ಅಕ್ಷರ ಇರುವ ಹೆಸರುಗಳು. ಎರಡನೆಯದು ಎರಡು ಚುಕ್ಕಿಯ ಮುಂದೆ ಇನ್ನೇನಾದರೂ ಇರುವ ಹೆಸರುಗಳು. ಅಂಥವು ಅಪರೂಪ, ಆದರೆ ಇದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೂ ಇಲ್ಲದಿದ್ದರೆ ಅಂಥ ಫೈಲ್ ಇಲ್ಲ ಅಂತ ಎಲ್‌ಎಸ್ ದೂರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೈನಸ್ ಡಿ ಮಾತ್ರ ಬೇಕೇ ಬೇಕು. ಅದಿಲ್ಲದಿದ್ದರೆ .ಕಾನ್ಫಿಗ್ ಅನ್ನುವ ಹೆಸರಿನ ಬದಲು ಅದರ ಒಳಗಿರುವುದೆಲ್ಲ ಪರದೆ ತುಂಬ ಬರುತ್ತದೆ. ಸುಮ್ನೆ .* ಅಂತ ಕೊಟ್ಟರೆ ಬ್ಯಾಷ್ ಅನ್ನುವ ಶೆಲ್‌ನ ಹಳೆ ಆವೃತ್ತಿಗಳಲ್ಲಿ ಒಂದು ಚುಕ್ಕಿ, ಎರಡು ಚುಕ್ಕಿಗಳೂ ಸೇರಿಕೊಳ್ಳುತ್ತಿದ್ದವು. ಬ್ಯಾಷ್ 5.2ರಿಂದ ಅವು ತಾವಾಗಿ ಬಿಟ್ಟುಹೋಗುತ್ತವೆ. ಎಲ್ಲ ಯಂತ್ರದಲ್ಲೂ ಹೊಸ ಬ್ಯಾಷ್ ಇರುವುದಿಲ್ಲ ಅಲ್ವಾ, ಹಾಗಾಗಿ ನಾನು ಮೇಲಿನ ಉದ್ದದ ರೂಪಕ್ಕೇ ಅಂಟಿಕೊಂಡಿದ್ದೇನೆ.

ತರುವ ಮೊದಲು ಎರಡೂ ಕಡೆಯ ಪೂರ್ತಿ ಪಟ್ಟಿ ತೆಗೆದೆ. ಎರಡೂ ಡೈರೆಕ್ಟರಿಯೊಳಗೆ ನಿಂತು 'ಫೈಂಡ್ .' ಕೊಟ್ಟು, ಸಾರ್ಟ್ ಮಾಡಿ, ಒಂದೊಂದು ಫೈಲಿಗೆ ಬರೆಸಿ, ವ್ಯತ್ಯಾಸ ತೋರಿಸುವ ಡಿಫ್ ಹಾಕಿದೆ. ಬಿಟ್ಟುಹೋದದ್ದೆಲ್ಲ ಮೇಲಿನ ಹಂತದ ಚುಕ್ಕಿ ಹೆಸರುಗಳ ಕೆಳಗೇ ಇದೆ, ಬೇರೆಲ್ಲೂ ಏನೂ ತಪ್ಪಿಲ್ಲ ಅನ್ನುವುದು ಖಾತ್ರಿಯಾಯಿತು. ಆಮೇಲೆ ನಕಲು ಮಾಡುವ ಆರ್‌ಸಿಂಕ್ ಮೈನಸ್ ಎ. ಮೊದಲು ಮೈನಸ್ ಎನ್ ಜೊತೆಗೆ, ಅಂದರೆ ಏನು ಮಾಡುತ್ತೇನೆ ಅಂತ ಹೇಳಲಿ, ಮಾಡುವುದು ಬೇಡ. ಹೊಸ ಕಡೆ ಈಗಾಗಲೇ ಇರುವ ಫೈಲುಗಳ ಮೇಲೆ ಬರೆಯದಿರಲಿ ಅಂತ ಇಗ್ನೋರ್-ಎಕ್ಸಿಸ್ಟಿಂಗ್ ಆಯ್ಕೆಯನ್ನೂ ಹಾಕಿದೆ. ಹಳೆ ಡೈರೆಕ್ಟರಿಯ ಹೆಸರಿನ ಕೊನೆಗೆ ಸ್ಲ್ಯಾಶ್ ಇಟ್ಟರೆ ಅದರೊಳಗಿರುವುದೆಲ್ಲ ಬರುತ್ತದೆ, ಹಿಡನ್ ಫೈಲೂ ಸೇರಿ. ಇಲ್ಲಿ ಸ್ಟಾರ್ ಇಲ್ಲ, ಹಾಗಾಗಿ ಶೆಲ್‌ಗೆ ಏನನ್ನಾದರೂ ಬಿಡುವ ಅವಕಾಶವೂ ಇಲ್ಲ.

.ಎಸ್‌ಎಸ್‌ಎಚ್ ಬಂದ ಮೇಲೆ ಪರ್ಮಿಷನ್ ನೋಡಿಕೊಂಡೆ. ಡೈರೆಕ್ಟರಿ 700, ಪ್ರೈವೇಟ್ ಕೀ 600, ಅಂದರೆ ಎರಡರ ಮೇಲೂ ಮಾಲೀಕರಿಗೆ ಮಾತ್ರ ಹಕ್ಕು. ಆರ್‌ಸಿಂಕ್ ಅದನ್ನು ಹಾಗೇ ಉಳಿಸಿತ್ತು. ಬೇರೆಯವರೂ ಓದಬಲ್ಲ ಕೀಯನ್ನು ಎಸ್‌ಎಸ್‌ಎಚ್ ಮುಟ್ಟುವುದೇ ಇಲ್ಲ. ಲಾಗಿನ್ ಸರಿಹೋಯಿತು. ಎಡಿಟರ್‌ಗೂ ಅದರ ಸೆಟ್ಟಿಂಗ್ ಸಿಕ್ಕಿತು.

ಬಾಣದ ಸಾಲುಗಳು

ಈಗ 'ಫೋಟೋ'. ಎಲ್‌ಎಸ್ ಮೈನಸ್ ಎಲ್ ಕೊಟ್ಟರೆ ಸಾಲಿನ ಮೊದಲ ಅಕ್ಷರ ಎಲ್. ಡೈರೆಕ್ಟರಿ ಆಗಿದ್ದರೆ ಡಿ, ಮಾಮೂಲಿ ಫೈಲಾಗಿದ್ದರೆ ಬರೀ ಗೆರೆ ಇರುತ್ತಿತ್ತು. ಎಲ್ ಅಂದರೆ ಸಿಂಬಾಲಿಕ್ ಲಿಂಕ್, ಚಿಕ್ಕದಾಗಿ ಸಿಮ್‌ಲಿಂಕ್: ಇನ್ನೊಂದು ಜಾಗಕ್ಕೆ ದಾರಿ ತೋರಿಸುವ ಫೈಲು. ಸಾಲಿನ ಕೊನೆ ಹೀಗಿತ್ತು:

ಫೋಟೋ -> /ಡೇಟಾ/ಚಿತ್ರ

ಹಳೆ ಯಂತ್ರದಲ್ಲಿ ಎರಡನೇ ಡಿಸ್ಕ್ /ಡೇಟಾದಲ್ಲಿ ಮೌಂಟ್ ಆಗುತ್ತಿತ್ತು. ಹೊಸದರಲ್ಲಿ ಅದೇ ಡಿಸ್ಕ್ /ಸಂಗ್ರಹದಲ್ಲಿದೆ. ಲಿಂಕಿಗೆ ಇದು ಗೊತ್ತಿಲ್ಲ. ಅದರೊಳಗೆ ಇರುವುದು ಒಂದು ದಾರಿಯ ಹೆಸರು ಮಾತ್ರ, ಬರೀ ಅಕ್ಷರಗಳು. 1983ರ 4.2ಬಿಎಸ್‌ಡಿ ಬಿಡುಗಡೆಯೊಂದಿಗೆ ಸಿಮ್‌ಲಿಂಕ್ ಜನರ ಕೈಗೆ ಬಂದಾಗಿನಿಂದ ಇದು ಹೀಗೇ. ಟಾರ್ಗೆಟ್, ಅಂದರೆ ಲಿಂಕ್ ತೋರಿಸುವ ಜಾಗ, ಇದೆಯೋ ಇಲ್ಲವೋ ಅಂತ ಲಿಂಕ್ ಮಾಡುವಾಗಲೂ ಯಾರೂ ಕೇಳುವುದಿಲ್ಲ.

ಆ ಸಾಲಿನಲ್ಲಿ ಇನ್ನೆರಡು ವಿಷಯ ನೋಡಿ. ಪರ್ಮಿಷನ್ ಜಾಗದಲ್ಲಿ ಎಲ್ಲರಿಗೂ ಎಲ್ಲ ಹಕ್ಕೂ ಇದೆ ಅನ್ನುವ ಹಾಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಲಿಂಕಿನ ಪರ್ಮಿಷನ್ ಯಾವಾಗಲೂ ಹೀಗೇ ಕಾಣುವುದು, ಲೆಕ್ಕಕ್ಕೆ ಬರುವುದು ಟಾರ್ಗೆಟ್‌ನದು. ಎರಡನೆಯದು ಸೈಜ್. ಅಲ್ಲಿ 29 ಅಂತಿತ್ತು. ಚಿತ್ರಗಳ ಗಾತ್ರ ಅಲ್ಲ ಅದು, ಟಾರ್ಗೆಟ್‌ನ ಹೆಸರು ಎಷ್ಟು ಬೈಟ್ ಉದ್ದ ಅನ್ನುವುದು. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಎರಡು ಸ್ಲ್ಯಾಶ್. ಆದರೆ ಯೂನಿಕೋಡ್‌ನಲ್ಲಿ 'ಡೇಟಾ' ಅಂದರೆ ಡ, ಏತ್ವ, ಟ, ದೀರ್ಘ, ಹೀಗೆ 4 ಸಂಕೇತ. 'ಚಿತ್ರ' ಅಂದರೆ ಚ, ಗುಡಿಸು, ತ, ಹಲಂತ, ರ, ಒಟ್ಟು 5. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 9 ಸಂಕೇತಕ್ಕೆ 27, ಸ್ಲ್ಯಾಶ್‌ಗಳಿಗೆ 2. ಲೆಕ್ಕ ಸರಿಹೋಯಿತು.

ಈ ಲೆಕ್ಕ ಬರೀ ಕುತೂಹಲಕ್ಕಲ್ಲ. ಹೋಮ್‌ನಲ್ಲಿ 'ವರದಿ' ಅನ್ನುವ ಇನ್ನೊಂದು ಲಿಂಕಿತ್ತು. ಟಾರ್ಗೆಟ್ 'ರಿಪೋರ್ಟ್', ಅದೇ ಡೈರೆಕ್ಟರಿಯಲ್ಲಿ. ರಿಪೋರ್ಟ್ ಅನ್ನುವ ಫೋಲ್ಡರ್ ಕಣ್ಣೆದುರಿಗೇ ಇದೆ. ಆದರೂ ಲಿಂಕ್ ಮುರಿದಿದೆ. ಹೆಸರನ್ನು ಎಷ್ಟು ಸಲ ನೋಡಿದರೂ ಒಂದೇ. ಆಗ ಸೈಜ್ ನೋಡಿದೆ. ರಿಪೋರ್ಟ್ ಅಂದರೆ 8 ಸಂಕೇತ, 24 ಬೈಟ್ ಇರಬೇಕು. ಅಲ್ಲಿದ್ದದ್ದು 27. ಕಾಣದ 3 ಬೈಟ್ ಎಲ್ಲೋ ಕೂತಿದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಹೊಳೆದಿರಬಹುದು. ಝಡ್‌ಡಬ್ಲ್ಯುಎನ್‌ಜೆ, ಒತ್ತಕ್ಷರ ಆಗದಂತೆ ತಡೆಯುವ ಕಾಣದ ಸಂಕೇತ. ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಗೆ ಅದು ಬಂದು ಕೂತರೆ ಪರದೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ ಲಿನಕ್ಸ್ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಹೆಸರುಗಳನ್ನು ಬೈಟ್‌ಗೆ ಬೈಟ್ ಹೋಲಿಸುತ್ತದೆ. ಅದಕ್ಕೆ ಇವೆರಡು ಬೇರೆ ಬೇರೆ ಹೆಸರು. ಖಾತ್ರಿ ಮಾಡಿಕೊಳ್ಳಲು ಭಾಷೆಯ ಸೆಟ್ಟಿಂಗ್ ಆದ ಎಲ್‌ಸಿ_ಆಲ್ (ಪೂರ್ತಿ ದೊಡ್ಡಕ್ಷರ) ಅನ್ನು ದೊಡ್ಡ ಸಿ ಮಾಡಿ, ಎಲ್‌ಎಸ್ ಮೈನಸ್ ಎಲ್ ಮೈನಸ್ ಬಿ ಕೊಟ್ಟೆ. ಆಗ ಕನ್ನಡದ ಒಂದೊಂದು ಬೈಟೂ \340\262 ಥರ ಅಂಕಿಯಾಗಿ ಬಿಚ್ಚಿಕೊಳ್ಳುತ್ತದೆ. ಓದುವುದು ಕಷ್ಟ, ಆದರೆ ಬಾಲ ನೋಡಿದರೆ ಸಾಕು. ಲಿಂಕಿನ ಟಾರ್ಗೆಟ್ ಕೊನೆಯಲ್ಲಿ \342\200\214 ಇತ್ತು. ಅದೇ ಝಡ್‌ಡಬ್ಲ್ಯುಎನ್‌ಜೆ. ಫೋಲ್ಡರ್‌ನ ಹೆಸರಿನಲ್ಲಿ ಇಲ್ಲ. ಟ್ಯಾಬ್ ಒತ್ತಿ ಹೆಸರು ತುಂಬಿಸಿಕೊಂಡು ಲಿಂಕನ್ನು ಹೊಸದಾಗಿ ಮಾಡಿದೆ. ಸೈಜ್ 24ಕ್ಕೆ ಇಳಿಯಿತು, ಲಿಂಕ್ ತೆರೆಯಿತು. ಕನ್ನಡ ಹೆಸರಿನ ಫೈಲುಗಳಿಗೆ ಲಿಂಕ್ ಮಾಡುವವರು ಹೆಸರನ್ನು ಕೈಯಲ್ಲಿ ಟೈಪ್ ಮಾಡದೆ ಟ್ಯಾಬ್‌ನಿಂದಲೇ ತುಂಬಿಸಿಕೊಳ್ಳಿ ಅಂತ ನಾನು ಒತ್ತಾಯ ಮಾಡಿ ಹೇಳುತ್ತೇನೆ.

ಮುರಿದವುಗಳ ಪಟ್ಟಿ

ಒಂದೊಂದೇ ಡೈರೆಕ್ಟರಿಯಲ್ಲಿ ಎಲ್‌ಎಸ್ ಕೊಡುತ್ತಾ ಹೋದರೆ ಮುಗಿಯುವುದಿಲ್ಲ. ಎಲ್ಲ ಲಿಂಕುಗಳು ಬೇಕು:

ಫೈಂಡ್ . -ಟೈಪ್ ಎಲ್

ಇದು ಹಿಡನ್ ಡೈರೆಕ್ಟರಿಗಳ ಒಳಗೂ ಹೋಗುತ್ತದೆ. ಬರೀ ಲಿಂಕಿನ ಹೆಸರು ಸಾಲದು, ಅದು ಎಲ್ಲಿಗೆ ಹೋಗುತ್ತದೆ ಅನ್ನುವುದೂ ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ಫೈಂಡ್‌ನಲ್ಲಿ ಪ್ರಿಂಟ್‌ಎಫ್ ಇದೆ. ಅದರಲ್ಲಿ ಪರ್ಸೆಂಟ್ ಎಲ್ ಅಂದರೆ ಟಾರ್ಗೆಟ್, ಪರ್ಸೆಂಟ್ ಪಿ ಅಂದರೆ ಲಿಂಕ್ ಇರುವ ದಾರಿ. ನಾನು ಟಾರ್ಗೆಟ್ ಮೊದಲು ಬರುವಂತೆ ಬರೆಸಿ ಸಾರ್ಟ್ ಮಾಡುತ್ತೇನೆ. ಆಗ /ಡೇಟಾಕ್ಕೆ ಹೋಗುವವೆಲ್ಲ ಒಂದೇ ಕಡೆ ಸೇರುತ್ತವೆ, ರೋಗ ಎಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಲ್‌ಎಸ್ ಮೈನಸ್ ಎಲ್‌ನ ಉತ್ತರವನ್ನು ಗ್ರೆಪ್‌ಗೆ ಕೊಟ್ಟು ಎಲ್‌ನಿಂದ ಶುರುವಾಗುವ ಸಾಲು ಹುಡುಕುವುದು ಬಹಳ ಜನರ ರೂಢಿ. ಕಣ್ಣಿನಿಂದ ನೋಡುವುದಕ್ಕೆ ಅದು ಪರವಾಗಿಲ್ಲ. ಸ್ಕ್ರಿಪ್ಟಿಗೆ ಬೇಡ. ಫೈಲಿನ ಹೆಸರಿನಲ್ಲಿ ಸ್ಪೇಸ್ ಇರಬಹುದು, ಹೊಸ ಸಾಲೇ ಇರಬಹುದು, ಬಾಣದ ಗುರುತೂ ಇರಬಹುದು.

ಮುರಿದವು ಮಾತ್ರ ಬೇಕಾದರೆ ಟೈಪ್ ಬದಲು ಎಕ್ಸ್‌ಟೈಪ್ ಎಲ್. ಲಿಂಕನ್ನು ಹಿಂಬಾಲಿಸಿದ ಮೇಲೂ ಕೈಗೆ ಸಿಗುವುದು ಲಿಂಕೇ ಆದರೆ ಅದರಾಚೆ ಏನೂ ಇಲ್ಲ ಅಂತ ಅರ್ಥ. ಮ್ಯಾಕ್ ಮತ್ತು ಬಿಎಸ್‌ಡಿಗಳ ಫೈಂಡ್‌ನಲ್ಲಿ ಎಕ್ಸ್‌ಟೈಪ್ ಇಲ್ಲದಿದ್ದರೆ ಫೈಂಡ್ ಮೈನಸ್ ದೊಡ್ಡ ಎಲ್ ಕೊಟ್ಟು ಟೈಪ್ ಎಲ್ ಕೇಳಿ, ಉತ್ತರ ಅದೇ. ಅದು ಲಿಂಕ್ ಆಗಿರುವ ಡೈರೆಕ್ಟರಿಗಳ ಒಳಗೂ ಇಳಿಯುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಹಿಡಿಯಬಹುದು.

ಹಳೆ ಡಿಸ್ಕಿನ ಲಿಂಕುಗಳನ್ನು ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. /ಹಳೆ ಕೆಳಗಿರುವ ಲಿಂಕಿನ ಟಾರ್ಗೆಟ್ /ಹೋಮ್‌ನಿಂದ ಶುರುವಾಗಿದ್ದರೆ, ಅದು ಹೋಗುವುದು ಹಳೆ ಡಿಸ್ಕಿನ ಹೋಮ್‌ಗಲ್ಲ, ಈಗ ಓಡುತ್ತಿರುವ ಯಂತ್ರದ ಹೋಮ್‌ಗೆ. ಹಳೆಯದು ಚೆನ್ನಾಗಿದೆ ಅಂತ ನಂಬಿ ಹೊಸ ಫೈಲನ್ನೇ ಓದುತ್ತಾ ಕೂರಬೇಕಾಗುತ್ತದೆ. ಅಂಥ ಕಡೆ ಲಿಂಕನ್ನು ಹಿಂಬಾಲಿಸದೆ ರೀಡ್‌ಲಿಂಕ್ ಕೊಡಿ. ಅದು ಒಳಗೆ ಬರೆದಿರುವುದನ್ನು ಹಾಗೇ ಓದಿ ಹೇಳುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಎಷ್ಟೋ ಜನ ಅದೇ ಕಮಾಂಡಿನ ಕೊನೆಗೆ ಡಿಲೀಟ್ ಸೇರಿಸಿಬಿಡುತ್ತಾರೆ. ದಯವಿಟ್ಟು ಬೇಡ. ಮುರಿದ ಲಿಂಕೆಲ್ಲ ಕಸ ಅಲ್ಲ. ನನ್ನ ಪಟ್ಟಿಯಲ್ಲೇ ಬೇರೆ ಬೇರೆ ಬಗೆಯವು ಇದ್ದವು.

ಜಾಸ್ತಿ ಇದ್ದದ್ದು /ಡೇಟಾಕ್ಕೆ ಹೋಗುವವು. ಇವುಗಳಿಗೆ ಹೊಸ ದಾರಿ ಬರೆಯಬೇಕು. ಲಿಂಕ್ ಮಾಡುವ ಎಲ್‌ಎನ್ ಮೈನಸ್ ಎಸ್‌ಎಫ್‌ಎನ್, ಹೊಸ ಟಾರ್ಗೆಟ್, ಲಿಂಕಿನ ಹೆಸರು. ಎಸ್ ಸಿಂಬಾಲಿಕ್‌ಗೆ, ಎಫ್ ಹಳೆಯದನ್ನು ತೆಗೆಯುವುದಕ್ಕೆ. ಎನ್ ಅನ್ನು ಮರೆಯುವಂತಿಲ್ಲ. ಲಿಂಕ್ ಈಗಾಗಲೇ ಒಂದು ಡೈರೆಕ್ಟರಿಗೆ ಸರಿಯಾಗಿ ಹೋಗುತ್ತಿದ್ದರೆ, ಎನ್ ಇಲ್ಲದ ಎಲ್‌ಎನ್ ಲಿಂಕನ್ನು ಬದಲಿಸುವುದಿಲ್ಲ, ಆ ಡೈರೆಕ್ಟರಿಯ ಒಳಗೆ ಹೋಗಿ ಅಲ್ಲೊಂದು ಹೊಸ ಲಿಂಕ್ ಮಾಡುತ್ತದೆ. ಒಂದೇ ಸ್ಕ್ರಿಪ್ಟನ್ನು ಎರಡನೇ ಸಲ ಓಡಿಸಿದಾಗ ಆಗುವ ತೊಂದರೆ ಇದೇ.

ಹೋಮ್ ಒಳಗಿನ ಒಂದು ಜಾಗದಿಂದ ಹೋಮ್ ಒಳಗಿನದೇ ಇನ್ನೊಂದು ಜಾಗಕ್ಕೆ ಪೂರ್ತಿ ದಾರಿ ಬರೆದಿದ್ದ ಲಿಂಕುಗಳೂ ಇದ್ದವು. ಯೂಸರ್ ಹೆಸರು ಬದಲಾಗಿದ್ದರಿಂದ ಅವೂ ಮುರಿದಿದ್ದವು. ಇವುಗಳನ್ನು ಎಲ್‌ಎನ್ ಮೈನಸ್ ಎಸ್‌ಆರ್‌ಎಫ್‌ಎನ್ ಕೊಟ್ಟು ರಿಲೇಟಿವ್ ಮಾಡಿದೆ. ಗ್ನೂ ಎಲ್‌ಎನ್‌ನಲ್ಲಿ ಆರ್ ಕೊಟ್ಟರೆ ಎಷ್ಟು ಮೆಟ್ಟಿಲು ಮೇಲೆ ಹತ್ತಬೇಕು ಅನ್ನುವ ಲೆಕ್ಕ ಅದೇ ಹಾಕುತ್ತದೆ. ರಿಲೇಟಿವ್ ದಾರಿಯನ್ನು ಎಣಿಸುವುದು ಲಿಂಕ್ ಇರುವ ಡೈರೆಕ್ಟರಿಯಿಂದ, ನಾವು ನಿಂತಿರುವ ಡೈರೆಕ್ಟರಿಯಿಂದ ಅಲ್ಲ. ಇನ್ನು ಮುಂದೆ ಹೋಮ್ ಎಲ್ಲಿಗೆ ಹೋದರೂ ಈ ಲಿಂಕುಗಳು ಮುರಿಯುವುದಿಲ್ಲ.

ಪ್ರಾಜೆಕ್ಟ್‌ಗಳೊಳಗೆ ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳಿದ್ದವು, ಅಂದರೆ ಒಂದೊಂದು ಪ್ರಾಜೆಕ್ಟಿಗೂ ಬೇರೆಯಾಗಿ ಕಟ್ಟಿದ ಪೈಥಾನ್ ವ್ಯವಸ್ಥೆಗಳು. ಅವುಗಳ ಬಿನ್ ಡೈರೆಕ್ಟರಿಯಲ್ಲಿರುವ ಪೈಥಾನ್ ಸಾಮಾನ್ಯವಾಗಿ ಸಿಸ್ಟಮ್ ಪೈಥಾನ್‌ಗೆ ಲಿಂಕು. ಹಳೆ ಆವೃತ್ತಿ ಹೊಸ ಯಂತ್ರದಲ್ಲಿಲ್ಲ. ಲಿಂಕ್ ತಿದ್ದುವುದರಲ್ಲಿ ಅರ್ಥವಿಲ್ಲ, ಒಳಗಿನ ಪ್ಯಾಕೇಜುಗಳೂ ಆ ಆವೃತ್ತಿಗೇ ಹೊಂದಿದವು. ಅಳಿಸಿ ಹೊಸದಾಗಿ ಕಟ್ಟಿದೆ.

ಉಳಿದ ಬಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಿಡನ್ ಫೈಲೂ ಹೌದು, ಸಿಮ್‌ಲಿಂಕೂ ಹೌದು, ಹುಟ್ಟಿನಿಂದಲೇ ಮುರಿದದ್ದೂ ಹೌದು. ಈಮ್ಯಾಕ್ಸ್ ಎಡಿಟರ್‌ನಲ್ಲಿ ಒಂದು ಫೈಲನ್ನು ತಿದ್ದಲು ಶುರುಮಾಡಿದರೆ ಅದು ಪಕ್ಕದಲ್ಲಿ .# ಸೇರಿಸಿದ ಹೆಸರಿನ ಲಿಂಕ್ ಮಾಡುತ್ತದೆ. ಆ ಲಿಂಕಿನ ಟಾರ್ಗೆಟ್ ಯಾವ ಫೈಲೂ ಅಲ್ಲ. ಯೂಸರ್, ಯಂತ್ರದ ಹೆಸರು, ಪ್ರೋಸೆಸ್ ಸಂಖ್ಯೆ ಸೇರಿಸಿದ ಒಂದು ಚೀಟಿ. ಬೇರೆ ಯಾರಾದರೂ ಅದೇ ಫೈಲನ್ನು ತಿದ್ದಲು ಬಂದರೆ ಯಾರು ಹಿಡಿದಿದ್ದಾರೆ ಅಂತ ಅದರಿಂದ ಗೊತ್ತಾಗುತ್ತದೆ. ಫೈರ್‌ಫಾಕ್ಸ್ ಪ್ರೊಫೈಲ್ ಒಳಗಿನ 'ಲಾಕ್', ಕ್ರೋಮಿಯಂ ಪ್ರೊಫೈಲ್ ಪಕ್ಕದ 'ಸಿಂಗಲ್‌ಟನ್‌ಲಾಕ್' ಕೂಡ ಇದೇ ಜಾತಿ. ಕಾರಣ ಸರಳ: ಲಿಂಕ್ ಮಾಡುವುದು ಒಂದೇ ಏಟಿಗೆ ಆಗುವ ಕೆಲಸ, ಆ ಹೆಸರು ಈಗಾಗಲೇ ಇದ್ದರೆ ಅದು ಸೋಲುತ್ತದೆ, ಮತ್ತು ಹೇಳಬೇಕಾದ ಮಾತೂ ಅದರೊಳಗೇ ಇರುತ್ತದೆ. ಬೀಗಕ್ಕೆ ಇದಕ್ಕಿಂತ ಇನ್ನೇನು ಬೇಕು?

ಡಾಟ್ ಫೈಲುಗಳು ಬಂದ ಮೇಲೆ ಬ್ರೌಸರ್ ತೆರೆಯಲು ಹೋದಾಗ, ಪ್ರೊಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ ಅಂತ ಬಂದದ್ದು ಇದರಿಂದಲೇ. ಎಲ್‌ಎಸ್ ಮೈನಸ್ ಎಲ್‌ನಲ್ಲಿ ಬಾಣದ ಮುಂದೆ ಹಳೆ ಯಂತ್ರದ ಹೆಸರು, ಒಂದು ಗೆರೆ, ಪ್ರೋಸೆಸ್ ಸಂಖ್ಯೆ ಇತ್ತು. ಬ್ರೌಸರ್ ಎಲ್ಲೂ ಓಡುತ್ತಿಲ್ಲ ಅಂತ, ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಪಿಎಸ್ ಕೊಟ್ಟು ನೋಡಿಕೊಂಡು, ಆ ಒಂದು ಲಿಂಕನ್ನು ತೆಗೆದೆ. ಪ್ರೊಫೈಲ್ ತೆರೆಯಿತು. ಓಡುತ್ತಿರುವ ಯಂತ್ರದಲ್ಲಿ ಇವನ್ನು ಕಸ ಅಂತ ಗುಡಿಸಿದರೆ ಬೀಗವನ್ನೇ ಕಿತ್ತ ಹಾಗೆ, ಒಂದೇ ಪ್ರೊಫೈಲನ್ನು ಇಬ್ಬರು ಏಕಕಾಲಕ್ಕೆ ಬರೆಯಬಹುದು.

ತೆಗೆಯುವಾಗಲೂ ಸ್ಲ್ಯಾಶ್ ಮೇಲೆ ಕಣ್ಣಿರಲಿ. ಡೈರೆಕ್ಟರಿಗೆ ಹೋಗುವ ಲಿಂಕಿನ ಹೆಸರನ್ನು ಟ್ಯಾಬ್‌ನಿಂದ ತುಂಬಿಸಿದಾಗ ಕೆಲವು ಶೆಲ್‌ಗಳಲ್ಲಿ ಕೊನೆಗೆ ಸ್ಲ್ಯಾಶ್ ಬಂದು ಕೂರುತ್ತದೆ. ಸ್ಲ್ಯಾಶ್ ಇಲ್ಲದಿದ್ದರೆ ಮಾತು ಲಿಂಕಿನದು, ಇದ್ದರೆ ಅದರಾಚೆಯ ಡೈರೆಕ್ಟರಿಯದು. ಎಲ್‌ಎಸ್ ಮೈನಸ್ ಎಲ್‌ಡಿ ಎರಡೂ ರೀತಿ ಕೊಟ್ಟು ನೋಡಿ, ಮೊದಲನೆಯದಕ್ಕೆ ಎಲ್ ಬರುತ್ತದೆ, ಎರಡನೆಯದಕ್ಕೆ ಡಿ. ಲಿಂಕ್ ತೆಗೆಯಲು ನಾನು ಅನ್‌ಲಿಂಕ್ ಬಳಸುತ್ತೇನೆ. ಅದು ಒಂದು ಹೆಸರನ್ನು ಮಾತ್ರ ತೆಗೆದುಕೊಳ್ಳುತ್ತದೆ, ಡೈರೆಕ್ಟರಿ ಕೊಟ್ಟರೆ ಒಪ್ಪುವುದಿಲ್ಲ.

ಎಲ್ಲ ಆದ ಮೇಲೆ ಎಕ್ಸ್‌ಟೈಪ್ ಎಲ್ ಮತ್ತೆ ಕೊಟ್ಟೆ. ಓಡುತ್ತಿದ್ದ ಬ್ರೌಸರಿನ ಬೀಗ ಬಿಟ್ಟರೆ ಬಂದದ್ದು ಒಂದೇ ಸಾಲು. 'ಬ್ಯಾಕಪ್' ಅನ್ನುವ ಲಿಂಕ್, ಹೊರಗಿನಿಂದ ಚುಚ್ಚುವ ಡ್ರೈವಿಗೆ ಹೋಗುವಂಥದ್ದು. ಡ್ರೈವ್ ಹಾಕಿ ಮೌಂಟ್ ಮಾಡಿ ನೋಡಿದೆ, ಲಿಂಕ್ ಸರಿಯಾಗಿಯೇ ತೆರೆಯಿತು. ತೆಗೆದರೆ ಮತ್ತೆ ಮುರಿದವುಗಳ ಪಟ್ಟಿಗೆ ಬಂತು. ಅದನ್ನು ಹಾಗೇ ಬಿಟ್ಟು, ಆ ಡ್ರೈವ್ ಯಾವಾಗಲೂ ಅದೇ ಜಾಗದಲ್ಲಿ ಮೌಂಟ್ ಆಗುವಂತೆ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ, ಅಂದರೆ ಅದಕ್ಕೇ ಸೇರಿದ ಗುರುತಿನ ಸಂಖ್ಯೆ, ಬರೆದೆ.